ಓದದೆ ಬಿಟ್ಟ ಸಂಧಿ

"ಕೆಟ್ಟದ್ದು ಹೇಳಿದವರಲ್ಲಿ ಒಬ್ಬರಾದರೂ ನಿಜ ಹೇಳಿಲ್ಲವಾ?"

ಮೇದಿನಿ ಹಂದೆ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಆಲಿಕೆ ಕೋಣೆಯಲ್ಲಿ ಆ ಹೊತ್ತಿಗೆ ಅವಳೊಬ್ಬಳೇ ಇದ್ದಳು. ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊದೆಸಿದ ಕೋಣೆ. ಮುಂಬಯಿಯ ನಟ್ಟನಡುವೆ ಇದ್ದರೂ ಹೊರಗಿನ ಒಂದು ಹಾರನ್ನಿನ ಸದ್ದೂ ಒಳಗೆ ಬರುತ್ತಿರಲಿಲ್ಲ. ಅವಳ ಪ್ರಶ್ನೆಯನ್ನೂ ಕಂಬಳಿ ಹೀರಿಕೊಂಡಿತು. ಎದುರಿನ ಪರದೆಯ ಮೇಲೆ ಯಂತ್ರ ಶುರುವಾದಂದಿನಿಂದ ಅದರ ಮುಂದೆ ಕುಳಿತು ಮಾತಾಡಿದವರ ಹೆಸರು, ಅವರ ಮಾತು, ಮಾತಿನ ಪಕ್ಕದಲ್ಲಿ ಅದು ನೂರಕ್ಕೆ ಎಷ್ಟು ನಿಜ ಎನ್ನುವ ನಿಜಾಂಕ. ಲಾಭ ಬರುತ್ತದೆ ಎಂದವರ ನಿಜಾಂಕ ತೊಂಬತ್ತೂ ಇತ್ತು, ನಲವತ್ತೂ ಇತ್ತು. ಆದರೆ ನಷ್ಟವಾಗುತ್ತದೆ, ಬೆಲೆ ಮಿತಿಮೀರಿದೆ, ಇದು ಉಳಿಯುವುದಿಲ್ಲ ಎಂದವರ ನಿಜಾಂಕ ಮೂವತ್ತನ್ನು ದಾಟಿದ್ದು ಒಮ್ಮೆಯೂ ಇರಲಿಲ್ಲ.

ಆಲಿಕೆ ಅಂದರೆ ಮಾತು ಕೇಳುವ ಯಂತ್ರ. ಮನುಷ್ಯ ತನ್ನ ಮಾತನ್ನು ತಾನೇ ನಂಬದೆ ಆಡುವಾಗ ಅವನ ಗಂಟಲಿಗೆ ಅದು ಮೊದಲೇ ಗೊತ್ತಾಗಿರುತ್ತದೆ. ಪದ ಹುಟ್ಟುವ ಮುಂಚೆ ಉಸಿರು ಕೂದಲೆಳೆಯಷ್ಟು ತಡೆಯುತ್ತದೆ; ಸ್ವರತಂತುಗಳು ಒಂದನ್ನೊಂದು ಮುಟ್ಟುವುದು ಕೊಂಚ ತಡವಾಗುತ್ತದೆ. ಕಿವಿಗೆ ಕೇಳದ ಆ ತಡವರಿಕೆ ಯಂತ್ರಕ್ಕೆ ಕೇಳುತ್ತದೆ. ಆದರೆ ಅದು ತಡವರಿಕೆ ಎಂದು ತಿಳಿಯಬೇಕಾದರೆ ತಡವರಿಕೆಯೇ ಇಲ್ಲದ ಒಂದು ದನಿ ಯಂತ್ರದೊಳಗೆ ಸದಾ ಮಿಡಿಯುತ್ತಿರಬೇಕು, ಹಾಡುವವನ ಬೆನ್ನಿಗೆ ತಂಬೂರಿ ಇರುವ ಹಾಗೆ. ಅದಕ್ಕೆ ಆಧಾರದನಿ ಎಂದು ಹೆಸರಿಟ್ಟಿದ್ದರು. ನಟರನ್ನು ಕರೆತಂದು ನೋಡಿದರು. ನಟಿಸುತ್ತಿದ್ದೇನೆ ಎನ್ನುವುದು ಅವರ ಗಂಟಲಿಗೆ ತಿಳಿದಿತ್ತು. ಪ್ರಾರ್ಥನೆ ಮಾಡುವವರನ್ನು ಕೂರಿಸಿದರು. ಬೇಡುವ ದನಿಯಲ್ಲಿ ದೇವರು ಕೊಡುತ್ತಾನೋ ಇಲ್ಲವೋ ಎಂಬ ಅನುಮಾನ ಇದ್ದೇ ಇತ್ತು. ಆಗ ಕೆಲಸಕ್ಕೆ ಹೊಸದಾಗಿ ಸೇರಿದ್ದ ಮೇದಿನಿ ತನ್ನ ತಂದೆಯ ಕಾವ್ಯವಾಚನದ ಧ್ವನಿಮುದ್ರಣಗಳನ್ನು ತಂದುಕೊಟ್ಟಳು.

ಡೊಂಬಿವಲಿಯ ಕನ್ನಡ ಸಂಘದ ಸಭಾಗೃಹದಲ್ಲಿ ಜನಾರ್ದನ ಹಂದೆಯವರು ಪ್ರತಿ ಮಳೆಗಾಲ ಓದುತ್ತಿದ್ದ ಹಳೆಯ ಕಾವ್ಯ ಅದು. ಕಾಡು ಎಂದರೆ ಕಿಟಕಿಯಾಚೆ ರೈಲುಹಳಿಯ ಬದಲು ಕಾಡೇ ಇದೆ ಎಂಬಂತೆ, ದೇವರು ಬಂದ ಎಂದರೆ ಚಪ್ಪಲಿ ಬಿಡುವ ಜಾಗದಲ್ಲಿ ಈಗ ತಾನೇ ಕಾಲು ತೊಳೆಯುತ್ತಿದ್ದಾನೆ ಎಂಬಂತೆ ಓದುವ ದನಿ. ಆ ದನಿಯಲ್ಲಿ ಯಂತ್ರಕ್ಕೆ ಒಂದು ತಡವರಿಕೆಯೂ ಸಿಗಲಿಲ್ಲ. ಅಂದಿನಿಂದ ದೇಶದ ದೊಡ್ಡ ಮನುಷ್ಯರೆಲ್ಲರ ಮಾತನ್ನು ಆಲಿಕೆ ಹಂದೆಯವರ ದನಿಗೆ ಹೋಲಿಸಿಯೇ ತೂಗುತ್ತಿತ್ತು.

ಮೊದಲ ವರ್ಷಗಳಲ್ಲಿ ಅದು ದೊಡ್ಡ ದೊಡ್ಡ ಸುಳ್ಳುಗಾರರನ್ನು ಹಿಡಿದುಕೊಟ್ಟಿತು. ಜನ ಬೆರಗಾದರು, ಆಮೇಲೆ ನಂಬಿದರು, ಆಮೇಲೆ ಬೇರೆ ಏನನ್ನೂ ನೋಡುವುದನ್ನು ಬಿಟ್ಟರು. ಕಂಪನಿಯ ಮುಖ್ಯಸ್ಥ ಮೂರು ತಿಂಗಳಿಗೊಮ್ಮೆ ಆಲಿಕೆಯ ಮುಂದೆ ಮಾತಾಡಬೇಕು ಎಂದು ಕಾನೂನಾಯಿತು. ಷೇರಿನ ಬೆಲೆ ಆ ನಿಜಾಂಕದ ಬೆನ್ನು ಹತ್ತಿ ಏರಿತು. ಸಮುದ್ರದ ನೀರನ್ನು ಸಿಹಿಮಾಡಿ ಊರೂರಿಗೆ ಕೊಡುತ್ತೇವೆ ಎನ್ನುವ ಅರುಣಕೇತು ಸಮೂಹದ ಒಡೆಯ ಸುದರ್ಶನ ಮಹಾಲೆಯ ನಿಜಾಂಕ ತೊಂಬತ್ತಾರಕ್ಕಿಂತ ಕೆಳಗೆ ಇಳಿದದ್ದೇ ವಿರಳ. ಹೂಡಿಕೆದಾರರನ್ನು ಪ್ರತಿ ತಿಂಗಳು ಕೇಳುವ ಸಮೀಕ್ಷೆಯೊಂದಿತ್ತು. ಬೆಲೆ ಅತಿಯಾಗಿದೆಯೇ ಎಂದರೆ ಹೆಚ್ಚುಕಡಿಮೆ ಎಲ್ಲರೂ ಹೌದು ಎನ್ನುತ್ತಿದ್ದರು. ಹಾಗಾದರೆ ಮಾರುತ್ತೀರಾ ಎಂದರೆ ಅದೇ ಜನ ಇಲ್ಲ ಎನ್ನುತ್ತಿದ್ದರು. ಯಾಕೆ? ಮಹಾಲೆ ಸಾಹೇಬರು ಇದ್ದಾರಲ್ಲ.

ಕಳೆದ ವಾರ ಅರುಣಕೇತುವಿನ ಲೆಕ್ಕ ಪರಿಶೋಧನೆ ಮಾಡಿದ್ದ ಕುಮುದಿನಿ ತಳವಾರ ಎಂಬ ಹೆಂಗಸು ಆಲಿಕೆಯ ಮುಂದೆ ಕುಳಿತಿದ್ದಳು. ಧಾರವಾಡದ ಕಡೆಯವಳು, ಮಾತು ನೇರ. "ಸ್ಥಾವರ ಅದಾವ್ರೀ, ನೀರು ಇಲ್ಲ. ಒಂದು ಕಂಪನಿ ಇನ್ನೊಂದಕ್ಕ ನೀರು ಮಾರೇತಿ ಅಂತ ಬರಕೊಂಡಾರ. ನಾ ಹೋಗಿ ನಳ ತಿರುವಿ ನೋಡೇನಿ, ಗಾಳಿ ಬಂತು" ಎಂದಳು. ಯಂತ್ರ ಅವಳಿಗೆ ಕೊಟ್ಟದ್ದು ಹನ್ನೊಂದು. ಬೇರೆಯವರ ಕಂಪನಿಯ ಮೇಲೆ ದೂರು ಹೇಳಿ ಇಪ್ಪತ್ತಕ್ಕಿಂತ ಕೆಳಗೆ ಬಂದವರು ವದಂತಿಗಾರರು ಎಂದು ಕಾನೂನು. ಅವಳ ಪರವಾನಗಿ ಹೋಯಿತು. ಅವಳು ಗಾಳಿ ಎಂದದ್ದನ್ನು ಹಾಡು ಕಟ್ಟಿ ನಗುವವರು ನಕ್ಕರು. ಉಳಿದಿದ್ದದ್ದು ಒಂದೇ ಒಂದು ಮರು ಆಲಿಕೆ, ಬರುವ ಸೋಮವಾರ.

ಅದೇ ಸೋಮವಾರ ಹೊಸ ಕಾನೂನು ಜಾರಿಗೆ ಬರುವುದಿತ್ತು. ದೇಶದ ಸಂಬಳದಾರರ, ಪಿಂಚಣಿದಾರರ ನಿವೃತ್ತಿ ನಿಧಿಯೆಲ್ಲ ನಿಜಾಂಕ ಎಲ್ಲರಿಗಿಂತ ಹೆಚ್ಚಿರುವ ಕಂಪನಿಗೆ, ಅಂದರೆ ಅರುಣಕೇತುವಿಗೆ, ತಾನಾಗಿ ಹರಿದುಹೋಗುವುದು, ಹತ್ತು ವರ್ಷ ಹಿಂದಕ್ಕೆ ತೆಗೆಯುವಂತಿಲ್ಲ. ಆ ಕಂಪನಿಯ ಮೇಲಿನ ದೂರಿಗೆ ಐವತ್ತು ದಾಟಿದ ನಿಜಾಂಕ ಬಂದರೆ ಮಾತ್ರ ಹರಿವು ನಿಲ್ಲುತ್ತದೆ.

ಬಾಗಿಲು ತೆರೆದು ಗ್ಲಾಡ್ಸನ್ ಮಿನೇಜಸ್ ಒಳಗೆ ಬಂದ. ಮಂಗಳೂರಿನ ಬೆಂದೂರಿನವನು, ಯಂತ್ರದ ಉಸ್ತುವಾರಿಯಲ್ಲಿ ಅವಳ ಜೊತೆಗಾರ. ಕೈಯಲ್ಲಿ ಎರಡು ಲೋಟ ಚಹಾ.

"ಒಬ್ರೇ ಮಾತಾಡ್ತಿದ್ದೀರಿ ಮೇದಿನಿಬಾಯಿ. ಈ ಕೋಣೆಯಲ್ಲಿ ಒಬ್ಬರೇ ಮಾತಾಡಿದರೂ ಅಂಕ ಬೀಳ್ತದೆ, ಜಾಗ್ರತೆ."

"ಹಾಗಾದರೆ ಹಾಕು. ಚಾಲೂ ಮಾಡು."

ಅವಳು ಹೋಗಿ ಗಾಜಿನ ಗೂಡಿನಲ್ಲಿ ಕುಳಿತಳು. ಮೈಕು ಅವಳ ಗಂಟಲಿನ ಹತ್ತಿರಕ್ಕೆ ತಾನೇ ಬಾಗಿತು. ಅವಳು ಹೇಳಿದಳು: "ನನ್ನ ಅಮ್ಮ ತೀರಿಹೋಗಿದ್ದಾರೆ."

ಗ್ಲಾಡ್ಸನ್ ಪರದೆ ನೋಡಿದ. ಅದನ್ನು ಅವಳ ಕಡೆ ತಿರುಗಿಸಿದ. ಒಂಬತ್ತು.

"ಆಸ್ಪತ್ರೆಗೆ ನಾನೇ ಬಂದಿದ್ದೆನಲ್ಲ" ಎಂದ ಅವನು ಮೆಲ್ಲಗೆ. "ನಾನೇ ಆಂಬುಲೆನ್ಸಿನಲ್ಲಿ ಕೂತಿದ್ದೆ."

"ಈಗ ನೀನು ಕೂತುಕೋ."

ಅವನು ಗೂಡಿಗೆ ಹೋಗಿ ಬೋಳುತಲೆ ನೇವರಿಸಿಕೊಂಡ. "ನನ್ನ ಕೂದಲು ಉದುರಿಹೋಗಿದೆ" ಎಂದ. ಹದಿನೇಳು. ಸ್ವಲ್ಪ ಯೋಚಿಸಿ, "ನನ್ನ ಕೂದಲು ಮತ್ತೆ ಬೆಳೀತದೆ" ಎಂದ. ಎಪ್ಪತ್ತನಾಲ್ಕು.

"ಎಪ್ಪತ್ತನಾಲ್ಕಾ! ನಿಜವಾಗಿ ನಂಬಿದ್ದೀಯಾ?"

"ಎಣ್ಣೆ ಹಚ್ತಾ ಇದ್ದೇನಲ್ಲ ಮಾರಾಯ್ರೆ. ಮನುಷ್ಯನಿಗೆ ಅಷ್ಟಾದ್ರೂ ಬೇಡವಾ?" ಅವನು ನಗಲು ಹೋದ, ನಗು ಅರ್ಧಕ್ಕೇ ನಿಂತಿತು. ಕಾಣುವ ಬೋಳುತಲೆಗೆ ಹದಿನೇಳು ಕೊಟ್ಟ ಯಂತ್ರ ಸೋಮವಾರ ದೇಶದ ನಿಧಿಯನ್ನೆಲ್ಲ ಹರಿಸಲಿತ್ತು.

*

ಆ ಸಂಜೆ ಮೇದಿನಿ ಮನೆಗೆ ಹೋಗದೆ ಸಂಘದ ಸಭಾಗೃಹಕ್ಕೆ ಹೋದಳು. ಮಳೆಗಾಲದ ವಾಚನ ಮುಗಿಯುವ ವಾರ. ಅಪ್ಪಯ್ಯನನ್ನು ಕೈಹಿಡಿದು ಮನೆಗೆ ಕರೆತರುವುದು ಅವಳ ಕೆಲಸ. ಅವರ ಕಣ್ಣು ಮಂಜಾಗಿ ಕೆಲವು ವರ್ಷಗಳಾಗಿದ್ದವು. ಓದುವುದು ಎನ್ನುತ್ತಿದ್ದರೂ ಪುಸ್ತಕ ಮುಂದಿಟ್ಟುಕೊಂಡು ಬಾಯಿಪಾಠವನ್ನೇ ಹೇಳುತ್ತಿದ್ದರು, ರೂಢಿಗೆ ಹಾಳೆ ಮಗುಚುತ್ತಿದ್ದರು.

ಕೆಳಗೆ ಕ್ಯಾಂಟೀನು ಇಟ್ಟಿದ್ದ ಶೀನ ಪೂಜಾರಿ ಮೆಟ್ಟಿಲ ಬಳಿ ಸಿಕ್ಕಿದ. ಅವನ ಗೋಡೆಯ ಟಿವಿಯಲ್ಲಿ ಬೆಲೆಗಳು ಹಸಿರಾಗಿ ಓಡುತ್ತಿದ್ದವು.

"ಮೇದಿನಿ ಅಕ್ಕ, ನೀವು ದೊಡ್ಡ ಜಾಗದಲ್ಲಿದ್ದೀರಿ, ಒಂದು ಮಾತು ಹೇಳಿ. ಈ ಬೆಲೆ ಜಾಸ್ತಿ ಆಯ್ತು ಅಲ್ವಾ?"

"ಆಯ್ತು ಶೀನಣ್ಣ. ತುಂಬ ಆಯ್ತು."

"ನನಗೂ ಹಾಗೇ ಕಾಣ್ತದೆ" ಎಂದು ಅವನು ಖುಷಿಯಲ್ಲಿ ತಲೆಯಾಡಿಸಿದ. "ನಮ್ಮ ಹುಡುಗರಿಗೂ ಹೇಳಿದೆ. ಬನ್ಸ್ ಒಂದಕ್ಕೆ ಊಟದ ರೇಟು ಹಾಕಿದ ಹಾಗೆ ಅಂತ."

"ಮತ್ತೆ ಮಾರಿಬಿಡಿ."

"ಛೆ, ಎಂತಕ್ಕೆ? ನಾನು ಮಾರಿದ್ರೆ ನನ್ನದು ಮಾತ್ರ ಹೋಗುದು, ಏರುದು ಏರ್ತಾನೇ ಇರ್ತದೆ. ಎಲ್ಲರೂ ಎದ್ದಾಗ ನಾನೂ ಏಳ್ತೇನೆ." ಅವನು ದನಿ ತಗ್ಗಿಸಿದ. "ಮತ್ತೆ ಮಹಾಲೆ ಸಾಹೇಬರ ಮಾತು ಕೇಳಿದ್ರಾ? ನಿಮ್ಮ ಅಪ್ಪಯ್ಯ ಓದಿದ ಹಾಗೇ ಇರ್ತದೆ ಅಕ್ಕ. ಸುಳ್ಳು ಹೇಳುವ ಗಂಟಲಲ್ಲ ಅದು."

ಅವಳು ಮೇಲೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು. ನಿವೃತ್ತ ಬ್ಯಾಂಕಿನವರು, ಹೋಟೆಲಿನವರು, ಕೈಯಲ್ಲಿ ತೆಂಗಿನಕಾಯಿ ಹಿಡಿದ ಹೆಂಗಸರು. ರೈಲು ಹೋದಾಗ ಹಂದೆಯವರು ಪದ್ಯವನ್ನು ನಿಲ್ಲಿಸುತ್ತಿರಲಿಲ್ಲ. ರೈಲಿನ ಸದ್ದನ್ನೇ ಸೇನೆಯ ಸದ್ದಾಗಿ ಮಾಡಿಕೊಂಡು ಅದರ ಮೇಲೇರಿ ಓದುತ್ತಿದ್ದರು. ಚಿಕ್ಕಂದಿನಿಂದ ಕೇಳಿದ ದನಿ. ಅದರ ಏರಿಳಿತ ಅವಳ ಎದೆಯಲ್ಲಿ ಮೊದಲೇ ಕೂತಿತ್ತು. ಯಾವ ಪದ್ಯದ ಬೆನ್ನಿಗೆ ಯಾವುದು ಬರುತ್ತದೆ ಎಂದು ಕಿವಿ ಮುಂದಾಗಿಯೇ ಹೋಗಿ ನಿಂತಿರುತ್ತಿತ್ತು.

ಕಾವ್ಯದ ಕಥೆಯಲ್ಲಿ ರಾಜಕುಲದವರು ಮದವೇರಿ ಸಮುದ್ರತೀರಕ್ಕೆ ಹೊರಟರು. ಅಲ್ಲಿಗೆ ಬಂದಾಗ ಹಂದೆಯವರು ಪ್ರತಿ ವರ್ಷದಂತೆ ನಿಂತರು. ಪುಸ್ತಕಕ್ಕೆ ಕೈಮುಗಿದರು. ಹಾಳೆಗಳನ್ನು ಒಟ್ಟಿಗೆ ಹಿಡಿದು ದಾಟಿಸಿದರು. ಮತ್ತೆ ದನಿಯೆತ್ತಿದಾಗ ಹೊಸ ಪಟ್ಟಾಭಿಷೇಕದ ಪದ್ಯ, ಅಲ್ಲಿಂದ ಮಂಗಳ. ನಡುವೆ ಒಂದು ಸಂಧಿ ಇತ್ತು, ಕುಲವೆಲ್ಲ ತನ್ನನ್ನು ತಾನೇ ಬಡಿದುಕೊಂಡು ಸಾಯುವ ಅಳಿವಿನ ಸಂಧಿ. ಅದನ್ನು ಸೂರಿನ ಕೆಳಗೆ ಓದಬಾರದು. ಓದಿದ ಮನೆ ಉಳಿಯುವುದಿಲ್ಲ. ಅಶುಭದಲ್ಲಿ ಓದು ನಿಲ್ಲಿಸಲೂಬಾರದು, ಎಷ್ಟು ಹೊತ್ತಾದರೂ ಶುಭದ ಪದ್ಯ ಮುಟ್ಟಿಯೇ ಏಳಬೇಕು. ಇದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದ ಯಾರೂ ಕೇಳುತ್ತಿರಲಿಲ್ಲ.

ದಾಟಿಸಿದ ಹಾಳೆಗಳ ಮೇಲೆ ನೆಟ್ಟ ಕಣ್ಣನ್ನು ಈ ಸಲ ಮೇದಿನಿ ತೆಗೆಯಲಿಲ್ಲ.

ಅವಳು ಯಂತ್ರಕ್ಕೆ ಕೊಟ್ಟಿದ್ದ ಧ್ವನಿಮುದ್ರಣಗಳಲ್ಲಿ ಅಳಿವಿನ ಸಂಧಿ ಎಲ್ಲಿಯೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಗೆಲುವು, ಮದುವೆ, ವರ, ಹುಟ್ಟು, ಭರವಸೆ. ಯುದ್ಧ ಬಂದರೂ ಗೆಲ್ಲುವವರ ಬಾಯಿಂದ. ಕೇಡನ್ನು ಪೂರ್ತಿ ನಂಬಿ ಹೇಳುವ ಮನುಷ್ಯನ ಗಂಟಲು ಹೇಗಿರುತ್ತದೆ ಎಂದು ಆಲಿಕೆ ಹುಟ್ಟಿದಂದಿನಿಂದ ಕೇಳಿಯೇ ಇಲ್ಲ. ದುಃಖಕ್ಕೆ ಉಸಿರು ತಡೆಯುತ್ತದೆ, ಸ್ವರ ಕಟ್ಟುತ್ತದೆ. ಅದನ್ನು ಯಂತ್ರ ಸುಳ್ಳಿನ ತಡವರಿಕೆ ಎಂದು ಬಗೆದಿದೆ. ಇಷ್ಟು ವರ್ಷ ಎಚ್ಚರಿಸಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸುಳ್ಳರೆಂದು ಕಳಿಸಿದೆ.

ಮಂಗಳ ಮುಗಿಯಿತು. ಹೆಂಗಸರು ಕಾಯಿ ಒಡೆಸಿಕೊಂಡರು. ಶೀನ ಪೂಜಾರಿ ಕಳಿಸಿದ ಅವಲಕ್ಕಿಯನ್ನು ಎಲ್ಲರೂ ಅಂಗೈಯಲ್ಲಿ ಹಾಕಿಸಿಕೊಂಡು, ಸೋಮವಾರದ ಮಾತಾಡುತ್ತ ಮೆಟ್ಟಿಲಿಳಿದರು.

*

ಮರುದಿನ ಗ್ಲಾಡ್ಸನ್ ಪೂರ್ತಿ ಕೇಳಿಸಿಕೊಂಡು, "ಒಂದೇ ಸಂಧಿಯಾ?" ಎಂದ.

"ಒಂದೇ. ಅದನ್ನು ಒಮ್ಮೆ ಓದಿದರೆ ಸಾಕು, ಆಧಾರದನಿ ತಾನೇ ಸರಿಹೋಗುತ್ತದೆ. ಭಾನುವಾರದ ಒಳಗೆ ಆದರೆ ಸೋಮವಾರ ಆ ತಳವಾರಮ್ಮನನ್ನು ಯಂತ್ರ ಸರಿಯಾಗಿ ಕೇಳುತ್ತದೆ."

"ಬೇರೆ ಯಾರಾದ್ರೂ ಓದಿದ್ರೆ?"

"ತಂಬೂರಿಯ ಒಂದು ತಂತಿಯನ್ನು ಬೇರೆ ತಂಬೂರಿಯಿಂದ ಮೀಟಿದ ಹಾಗಾಗುತ್ತದೆ. ಇರುವ ಶ್ರುತಿಯೂ ಒಡೆಯುತ್ತದೆ. ಅದೇ ಗಂಟಲು ಬೇಕು."

ಹಂದೆಯವರ ಹಳೆಯ ಓದುಗಳಿಂದ ದನಿ ಕಟ್ಟಿ, ಪುಸ್ತಕದ ಆ ಸಂಧಿಯನ್ನು ಯಂತ್ರದಿಂದಲೇ ಓದಿಸಿ ಕೊಟ್ಟುನೋಡಿದರು. ಕಿವಿಗೆ ವ್ಯತ್ಯಾಸ ತಿಳಿಯದಷ್ಟು ಚೆನ್ನಾಗಿತ್ತು. ಮೇದಿನಿ ಆ ಸಂಧಿಯನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು ಹಾಗೆ, ಅಪ್ಪಯ್ಯನದಲ್ಲದ ಅಪ್ಪಯ್ಯನ ದನಿಯಲ್ಲಿ. ಆಲಿಕೆ ಅದನ್ನು ಒಂದು ಪದ್ಯಕ್ಕೇ ತಳ್ಳಿತು. ಗಂಟಲಿಲ್ಲದ ದನಿಯನ್ನು ಗುರುತಿಸುವುದನ್ನು ಅವಳೇ ಅದಕ್ಕೆ ಕಲಿಸಿದ್ದಳು.

ಶನಿವಾರ ಮಹಾಲೆ ಬಂದ. ಸೋಮವಾರದ ಮಾತಿಗೆ ಮೊದಲು ಮೈಕಿನ ಎತ್ತರ ನೋಡಿಕೊಂಡು ಹೋಗುವುದು ರೂಢಿ. ತೆಳ್ಳನೆಯ, ಸೌಮ್ಯ ಮುಖದ ಮನುಷ್ಯ. ಕಾರವಾರದ ಕಡೆಯವನಾದ್ದರಿಂದ ಮೇದಿನಿಯ ಜೊತೆ ಕನ್ನಡವನ್ನೇ ಆಡುತ್ತಿದ್ದ. ತನ್ನ ಜನರನ್ನೆಲ್ಲ ಹೊರಗೆ ನಿಲ್ಲಿಸಿ ಒಬ್ಬನೇ ಒಳಗೆ ಬಂದು, ಯಂತ್ರ ಆರಿದೆಯೇ ಎಂದು ಕೇಳಿದ.

"ಆರಿದೆ" ಎಂದಳು ಮೇದಿನಿ. ಆಮೇಲೆ ತಡೆಯಲಾರದೆ, "ನಿಮ್ಮ ನಳದಲ್ಲಿ ನೀರು ಬರುತ್ತದೆಯೇ ಸರ್?" ಎಂದು ಕೇಳಿಬಿಟ್ಟಳು. ಗ್ಲಾಡ್ಸನ್ ಕಣ್ಣು ಮುಚ್ಚಿಕೊಂಡ.

ಮಹಾಲೆ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತ. "ಕೆಲವದರಲ್ಲಿ ಬರುತ್ತದೆ" ಎಂದ. "ಉಳಿದದ್ದರಲ್ಲಿ ಬರಬಹುದು. ಬಂದೇ ಬರುತ್ತದೆ ಎಂದು ನಾನು ನಂಬಿದ್ದೇನೆ, ಅದು ನಿಮ್ಮ ಯಂತ್ರಕ್ಕೆ ಗೊತ್ತು. ಆದರೆ ಈ ಬೆಲೆಗೆ ಬರುವುದಿಲ್ಲ. ಭೂಮಿಯ ಮೇಲಿನ ಸಮುದ್ರವನ್ನೆಲ್ಲ ಸಿಹಿಮಾಡಿ ಮಾರಿದರೂ ಈ ಬೆಲೆ ಹುಟ್ಟುವುದಿಲ್ಲ."

"ಮತ್ತೆ ಹೇಳಬಾರದೇ?"

"ಹೇಳಿದ್ದೆ." ಅವನು ಗಾಜಿನ ಗೂಡಿನ ಕಡೆ ಗಲ್ಲ ತೋರಿಸಿದ. "ಕಳೆದ ವರ್ಷ ಅಲ್ಲಿ ಕೂತು, ನಮ್ಮ ಷೇರಿನ ಬೆಲೆ ಯೋಗ್ಯತೆ ಮೀರಿದೆ, ದಯವಿಟ್ಟು ಕೊಳ್ಳುವವರು ಯೋಚಿಸಿ ಎಂದೆ. ನೀವು ಆ ದಿನ ರಜೆಯಲ್ಲಿದ್ದಿರೋ ಏನೋ. ಹದಿನಾಲ್ಕು ಕೊಟ್ಟಿತು ನಿಮ್ಮ ಯಂತ್ರ. ಮಹಾಲೆ ಬೆಲೆ ಜಾಸ್ತಿ ಅಂದದ್ದು ಸುಳ್ಳು ಅಂತೆ ಎಂದು ಜನ ಸಂಜೆಯೊಳಗೆ ಇನ್ನಷ್ಟು ಕೊಂಡರು. ಎಷ್ಟು ವಿನಯ ನೋಡಿ ಎಂದು ಪತ್ರಿಕೆಯವರು ಬರೆದರು." ಅವನು ನಕ್ಕ ದನಿ ಕೋಣೆಯ ಕಂಬಳಿಗೆ ತಾಗಿ ಅಲ್ಲೇ ಸತ್ತಿತು. "ನನ್ನ ಕೈಯಲ್ಲಿ ಎಲ್ಲ ಇದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ ತಾಯಿ. ಏರಿಸುವುದು ಮಾತ್ರ ನನ್ನ ಕೈಯಲ್ಲಿದೆ."

ಮೇದಿನಿ ಅವನಿಗೆ ಎಲ್ಲ ಹೇಳಿದಳು. ಸಂಧಿಯ ವಿಷಯ, ತಂದೆಯ ವಿಷಯ. ಗ್ಲಾಡ್ಸನ್ ಕೆಮ್ಮಿ ತಡೆಯಲು ನೋಡಿದ, ಅವಳು ನಿಲ್ಲಿಸಲಿಲ್ಲ. ಈ ಮನುಷ್ಯ ಒಂದು ಫೋನು ಮಾಡಿದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

ಮಹಾಲೆ ಕುರ್ಚಿಯಿಂದ ಎದ್ದ. "ನಾನು ಅಡ್ಡ ಬರುವುದಿಲ್ಲ" ಎಂದ. "ಮಾಡಲಾಗುವುದಾದರೆ ಮಾಡಿ. ನನಗೂ ಬೇಕಾಗಿದೆ ಎಂದೇ ಇಟ್ಟುಕೊಳ್ಳಿ. ಆದರೆ ಮಾಡದೆ ಹೋದರೆ ಸೋಮವಾರ ನಾನು ಬಂದು ಕೂರುತ್ತೇನೆ, ಒಳ್ಳೆಯ ಮಾತೇ ಆಡುತ್ತೇನೆ. ಬೇರೆ ಯಾವ ಮಾತನ್ನೂ ಇದು ಕೇಳುವುದಿಲ್ಲವಲ್ಲ." ಬಾಗಿಲಲ್ಲಿ ತಿರುಗಿ ನಿಂತು, "ನಮ್ಮ ಅಜ್ಜನ ಮನೆಯಲ್ಲೂ ಓದಿಸುತ್ತಿದ್ದರು. ನಮ್ಮಲ್ಲೂ ಅದನ್ನು ದಾಟಿಸಿಯೇ ಓದುತ್ತಿದ್ದದ್ದು" ಎಂದ.

*

ಭಾನುವಾರ ಬೆಳಗ್ಗೆ ಜನಾರ್ದನ ಹಂದೆಯವರು ಸ್ನಾನ, ಸಂಧ್ಯಾವಂದನೆ ಮುಗಿಸಿ ಬಾಲ್ಕನಿಯಲ್ಲಿ ಕುಳಿತಿದ್ದರು. ಸಂಘದ ಪಕ್ಕದ ಕಟ್ಟಡದಲ್ಲಿ ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆ. ಹಗ್ಗದ ಮೇಲೆ ಒದ್ದೆ ಬಟ್ಟೆ, ಕುಂಡದಲ್ಲಿ ತುಳಸಿ. ಶೀನ ಪೂಜಾರಿ ಕಳಿಸಿದ ನೀರುದೋಸೆ ತಟ್ಟೆಯಲ್ಲಿ ಆರುತ್ತಿತ್ತು. ದೋಸೆಯ ಜೊತೆ ಅವನು ಮಾತನ್ನೂ ಕಳಿಸಿದ್ದ: ನಾಳೆ ಹಂದೆಯವರ ಪಿಂಚಣಿಯೂ ತನ್ನ ಉಳಿತಾಯವೂ ಒಂದೇ ಕಡೆ ಹೋಗುವುದರಿಂದ ಇನ್ನು ಮೇಲೆ ತಾವಿಬ್ಬರೂ ಪಾಲುದಾರರು ಎಂದು.

"ಪಾಲುದಾರನಂತೆ" ಎಂದು ಹಂದೆಯವರು ನಕ್ಕರು. "ಚಟ್ನಿಗೆ ಉಪ್ಪು ಹಾಕಲಿಕ್ಕೆ ಮೊದಲು ಕಲಿಯಲಿ ಅವನು."

ಮೇದಿನಿ ಅವರ ಕಾಲಬುಡದಲ್ಲಿ ಕುಳಿತಳು. ಎಲ್ಲವನ್ನೂ ಹೇಳಿದಳು. ಅವಳ ಯಂತ್ರದ ಹೊಟ್ಟೆಯಲ್ಲಿರುವುದು ತಮ್ಮ ದನಿ ಎಂದು ಅವರಿಗೆ ತಿಳಿದಿತ್ತು; ಆ ದನಿಯಲ್ಲಿ ಏನಿಲ್ಲ ಎಂಬುದು ತಿಳಿದಿರಲಿಲ್ಲ. ಅವರು ಕೇಳುವಾಗ ತಲೆಯನ್ನು ಒಂದು ಬದಿಗೆ ವಾಲಿಸಿ, ಪದ್ಯ ಕೇಳಿದ ಹಾಗೆಯೇ ಕೇಳಿದರು.

"ಆ ಧಾರವಾಡದ ಹೆಂಗಸು" ಎಂದರು ಆಮೇಲೆ, "ಅವಳು ಸತ್ಯ ಹೇಳಿದ್ದಾಳೆ ಅಂತ ನಿನಗೆ ಗೊತ್ತುಂಟಾ?"

"ಗೊತ್ತುಂಟು ಅಪ್ಪಯ್ಯ. ನನಗೇ ಅಲ್ಲ, ಮಹಾಲೆಗೂ ಗೊತ್ತುಂಟು. ಕೆಳಗಿರುವ ಶೀನಣ್ಣನಿಗೂ ಗೊತ್ತುಂಟು."

"ಎಲ್ಲರಿಗೂ ಗೊತ್ತಿರುವಾಗ ನಾನು ಹೇಳುದು ಎಂತಕ್ಕೆ?"

"ಗೊತ್ತಿದ್ದರೂ ಯಾರೂ ಏಳುವುದಿಲ್ಲ. ನೀವು ಹೇಳಿದರೆ ಏಳುತ್ತಾರೆ."

"ಏಳುತ್ತಾರಾ?" ಹಂದೆಯವರು ಕೈಯಲ್ಲಿ ತಡಕಿ ತುಳಸಿಯ ಒಂದು ಎಲೆ ಮುರಿದರು. "ಇಷ್ಟು ವರ್ಷ ಓದಿದೆನಲ್ಲ ಮಗಾ, ಸಭೆಯಲ್ಲಿ ಒಬ್ಬನಾದರೂ ನಡುವೆ ಏನಾಯಿತು ಅಂತ ಕೇಳಲಿಲ್ಲ. ಕುಲ ಅಳಿಯಿತು ಅಂತ ಎಲ್ಲರಿಗೂ ಗೊತ್ತುಂಟು. ಗೊತ್ತಿದ್ದೇ ಕಾಯಿ ಹಿಡಿದುಕೊಂಡು ಮಂಗಳಕ್ಕೆ ಕಾಯ್ತಾರೆ. ನಾನು ಹಾಳೆ ದಾಟಿಸುವಾಗ ಒಂದು ಉಸಿರು ಬಿಡ್ತಾರೆ ನೋಡು, ಒಟ್ಟಿಗೆ. ನನ್ನ ಕಣ್ಣಿಗೆ ಕಾಣುದಿಲ್ಲ, ಕಿವಿಗೆ ಕೇಳ್ತದೆ. ಅವರು ಬರುದೇ ಆ ಉಸಿರಿಗೆ."

"ಸೂರಿನ ಕೆಳಗೆ ಬೇಡ" ಎಂದಳು ಮೇದಿನಿ. "ಗ್ಲಾಡ್ಸನ್ ಗಾಡಿ ತರುತ್ತಾನೆ. ಸಮುದ್ರದ ಖಾಡಿಯ ದಂಡೆಗೆ ಹೋಗೋಣ, ನೀರಿನ ಹತ್ತಿರ, ಬಯಲಲ್ಲಿ. ಅಲ್ಲಿ ಮನೆ ಇಲ್ಲ, ಮಠ ಇಲ್ಲ. ಅಲ್ಲಿ ದೋಷವಿಲ್ಲ ಅಂತ ನೀವೇ ಹೇಳುತ್ತಿದ್ದಿರಿ. ಮುಗಿದ ಮೇಲೆ ಅಲ್ಲೇ ಮಂಗಳ ಹೇಳಿ. ನಾನೇ ಕಾಯಿ ಒಡೆಯುತ್ತೇನೆ."

"ದೋಷಕ್ಕೆ ಹೆದರಿ ಬೇಡ ಅನ್ನುದಲ್ಲ ನಾನು."

"ಮತ್ತೆ?"

ಕೆಳಗೆ ಕ್ಯಾಂಟೀನಿನಲ್ಲಿ ಯಾರೋ ಗಟ್ಟಿಯಾಗಿ ನಗುತ್ತಿದ್ದರು. ಟಿವಿಯಲ್ಲಿ ಮಹಾಲೆಯ ಹಳೆಯ ಭಾಷಣ ಹಾಕಿದ್ದರು. ಪದಗಳು ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ ಮೂರು ಮಾಳಿಗೆ ಹತ್ತಿ ಬರುತ್ತಿತ್ತು. ಹಂದೆಯವರು ಅದನ್ನೂ ಸ್ವಲ್ಪ ಹೊತ್ತು ಕೇಳಿದರು.

"ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಇದ್ದಳಲ್ಲ" ಎಂದರು. "ನೀನು ಔಷಧಿ ತರಲಿಕ್ಕೆ ಹೋಗಿದ್ದೆ. ಅವಳು ನನ್ನನ್ನು ಹತ್ತಿರ ಕರೆದು ಹೇಳಿದಳು. ಮದುವೆಯಾಗಿ ಬಂದಂದಿನಿಂದ ನಿಮ್ಮ ಓದು ಕೇಳಿದೆ, ಆ ಒಂದು ಸಂಧಿ ಮಾತ್ರ ಕೇಳಲಿಲ್ಲ. ಹೇಗೆ ಮುಗೀತದೆ ಅಂತ ನನಗೆ ಕೇಳಬೇಕು, ಈಗ ಓದಿ ಅಂತ."

ಮೇದಿನಿ ತಲೆಯೆತ್ತಿದಳು. ಇದನ್ನು ಅವಳು ಎಂದೂ ಕೇಳಿರಲಿಲ್ಲ.

"ಅದು ಮನೆಯಲ್ಲ, ಆಸ್ಪತ್ರೆ, ದೋಷ ಇಲ್ಲ ಅಂತ ಅವಳೂ ಹೇಳಿದಳು. ನಿನ್ನ ಹಾಗೆಯೇ. ನಾನು ಪಟ್ಟಾಭಿಷೇಕದ ಪದ್ಯ ಓದಿದೆ. ಅವಳು ಮುಖ ಆಚೆ ತಿರುಗಿಸಿದಳು. ನಾನು ಮಂಗಳ ಹೇಳಿ ಮುಗಿಸಿದೆ. ಆಮೇಲೆ ಅವಳು ಮಾತಾಡಲೇ ಇಲ್ಲ."

ಗಾಜಿನ ಗೂಡಿನಲ್ಲಿ ತಾನು ಹೇಳಿದ್ದ ಮಾತೂ ಪರದೆಯ ಮೇಲಿನ ಒಂಬತ್ತೂ ಮೇದಿನಿಗೆ ನೆನಪಾದವು. ಅಪ್ಪಯ್ಯನ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಚಿಕ್ಕಂದಿನಲ್ಲಿ ವಾಚನ ಮುಗಿದ ಮೇಲೆ ಹೀಗೆಯೇ ಹಿಡಿದು ನಮಸ್ಕರಿಸುತ್ತಿದ್ದಳು.

"ಆಗ ಓದದೆ ಇದ್ದದ್ದನ್ನು ಈಗ ಓದಿ ಅಪ್ಪಯ್ಯ. ನನಗಾಗಿ ಬೇಡ. ಕೆಳಗೆ ನಗುತ್ತಿದ್ದಾರಲ್ಲ, ಅವರಿಗಾಗಿ. ನಾಳೆ ಹರಿದುಹೋದರೆ ಅವರಿಗೆ ಮುದಿತನಕ್ಕೆ ಏನೂ ಉಳಿಯುವುದಿಲ್ಲ. ನಿಮ್ಮದೊಂದು ದನಿಯಿಂದ ಇಷ್ಟೆಲ್ಲ ಆಗಿದೆ. ಒಂದು ಸಂಧಿ. ನಿಮ್ಮ ಕಾಲು ಹಿಡಿದು ಕೇಳುತ್ತಿದ್ದೇನೆ."

ಹಂದೆಯವರು ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒರಟಾಗಿ ಅಲ್ಲ, ಮಗುವಿನ ಮುಷ್ಟಿಯಿಂದ ಜರಿಸೆರಗು ಬಿಡಿಸಿಕೊಳ್ಳುವ ಹಾಗೆ.

"ಸಾಯುವವಳು ಕೇಳಿದಾಗ ಓದದವನು" ಎಂದರು, "ಪೇಟೆ ಕೇಳಿದರೆ ಓದುತ್ತೇನಾ?"

"ಅಪ್ಪಯ್ಯ..."

"ಇಲ್ಲ. ಓದುವುದಿಲ್ಲ."